ಬರಿದಾಗದ ಸೀಸೆ

"ಮಗಳನ್ನ ನಾನೇ ಕೊಂದೆ ಅಂತ ನಮ್ಮನೆಯವರು ಸ್ಟೇಷನ್ನಿನಲ್ಲಿ ಬರೆದುಕೊಟ್ಟಿದಾರೆ," ಎಂದಳು ಆ ಹೆಂಗಸು. "ನಾನು ಕೊಂದಿಲ್ಲ ಸಿಸ್ಟರಮ್ಮ. ಆದ್ರೆ ಅವಳು ಹೇಗೆ ಸತ್ತಳು ಅಂತ ನಂಗೂ ಅರ್ಥವಾಗ್ತಿಲ್ಲ."

ಸಿಸ್ಟರಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದರು. ಮೂವತ್ತೆರಡು ವರ್ಷ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು ಅವರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಬೀದಿಯವರ ಗಾಯಗಳಿಗೆ ಪಟ್ಟಿ ಕಟ್ಟುತ್ತ, ವೈದ್ಯರು ಬರೆದುಕೊಟ್ಟ ಇಂಜೆಕ್ಷನ್ ಹಾಕುತ್ತ ಇದ್ದರು. ಅದರ ನಡುವೆ ಪೊಲೀಸರೂ ಬಿಡಿಸಲಾರದ ಕೆಲವು ಗಂಟುಗಳನ್ನು ಬಿಡಿಸಿದ್ದರು. ಊರಿಗೆ ಅದು ಗೊತ್ತಿತ್ತು. ಊರಿಗೆ ಗೊತ್ತಾಗಿದ್ದು ಮಹಡಿಯ ಮೇಲೆ ಬಾಡಿಗೆಗಿದ್ದ ಆಂಬುಲೆನ್ಸ್ ಡ್ರೈವರ್‌ನಿಂದ. ಅವನಿಗಿಂತ ಮುಂಚೆ ಯಾವ ಸುದ್ದಿಯೂ ಯಾರ ಮನೆಯನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಸೈರನ್ ಎಂದೇ ಕರೆಯುತ್ತಿದ್ದರು.

ಆ ಬೆಳಿಗ್ಗೆ ಮಾತ್ರ ಸೈರನ್ ಬಾಯಿ ಬಿಡಲಿಲ್ಲ. ಹೆಂಗಸನ್ನು ಕಂಡ ಕೂಡಲೇ ಅವನಿಗೆ ಗುರುತು ಹತ್ತಿತ್ತು. ಹಿಂದಿನ ದಿನ ಅವನ ಗಾಡಿಯಲ್ಲಿ, ಆಸ್ಪತ್ರೆ ಇನ್ನೆರಡು ಬೀದಿ ದೂರ ಇರುವಾಗ ಉಸಿರು ನಿಂತ ಹದಿಮೂರು ವರ್ಷದ ಮಗಳ ಕಾಲು ಹಿಡಿದುಕೊಂಡು ಕೂತಿದ್ದವಳು ಇವಳೇ.

ಆ ಕರೆ ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಪ್ರಾರ್ಥನಾ ಮಂದಿರದ ಉಗ್ರಾಣದಿಂದ ಯಾರೋ ಪಿಸುದನಿಯಲ್ಲಿ ಫೋನ್ ಮಾಡಿ, "ಸಕ್ಕರೆ ಕಾಯಿಲೆಯ ಹುಡುಗಿ, ಎಚ್ಚರ ತಪ್ತಿದೆ, ಬೇಗ ಬನ್ನಿ," ಎಂದಿದ್ದರು. ಹನ್ನೊಂದು ನಿಮಿಷದಲ್ಲಿ ಸೈರನ್ ಗಾಡಿ ತಂದು ನಿಲ್ಲಿಸಿದ. ಗೇಟಿಗೆ ಒಳಗಿನಿಂದ ಬೀಗ. ಬೀಗದ ಕೈ ಹಿಡಿದು ನಿಂತಿದ್ದವನು ಹುಡುಗಿಯ ತಂದೆ, ವೃತ್ತಿಯಲ್ಲಿ ಬಡಗಿ. "ಗುರುಗಳು ಪ್ರಾರ್ಥನೆಯಲ್ಲಿದಾರೆ. ನಡುವೆ ಎಬ್ಬಿಸಿದ್ರೆ ಕೃಪೆ ಮುರಿಯುತ್ತೆ. ಮುಗಿಯಲಿ," ಎಂದ. ಸೈರನ್ ಬೇಡಿದ, ಬೈದ, ಗೇಟು ಗುದ್ದಿದ. ಜೊತೆಗಿದ್ದ ನರ್ಸ್ ಸ್ಟ್ರೆಚರ್ ಹಿಡಿದುಕೊಂಡೇ ಬಿಸಿಲಲ್ಲಿ ನಿಂತಳು. ಕೊನೆಗೆ ಪೊಲೀಸರು ಬಂದು ಬೀಗ ತೆಗೆಸಿದಾಗ ಒಂದೂಮುಕ್ಕಾಲು. ಹುಡುಗಿ ಓಡಿ ಬಂದವಳ ಹಾಗೆ ಜೋರಾಗಿ ಉಸಿರೆಳೆಯುತ್ತಿದ್ದಳು. ಉಸಿರಿಗೆ ಕಳಿತ ಹಣ್ಣಿನ ವಾಸನೆ ಇತ್ತು. ಬೆಳಿಗ್ಗೆ ಆರೂಮುಕ್ಕಾಲಿಗೇ ಅವಳನ್ನು ಅಲ್ಲಿ ತಂದು ಮಲಗಿಸಿದ್ದರಂತೆ.

"ಮೊದಲಿಂದ ಹೇಳಮ್ಮ," ಎಂದರು ಸಿಸ್ಟರಮ್ಮ.

ತಾಯಿ ಹೇಳಿದಳು. ಮಗಳಿಗೆ ಏಳನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಬೇಕೇ ಬೇಕು. ನಾಲ್ಕು ತಿಂಗಳ ಹಿಂದೆ ಮಂದಿರದ ಗುರುಗಳು ಸಭೆಯಲ್ಲಿ ಅವಳ ತಲೆ ಮುಟ್ಟಿ, ಕಾಯಿಲೆ ಹೋಯಿತು ಎಂದರು. ಅವರ ಕೈಗುಣದ ಮೇಲೆ ಊರಿಗೆಲ್ಲ ನಂಬಿಕೆ. ತಂದೆ ಅಲ್ಲೇ ಎಲ್ಲರೆದುರಿಗೆ ಮಗಳ ಔಷಧಿಯನ್ನು ಮಂದಿರದ ಹಂಡೆಗೆ ಹಾಕಿದ.

"ಆಮೇಲೂ ಅವಳು ಚೆನ್ನಾಗೇ ಇದ್ದಳಲ್ಲ? ಗುರುಗಳು ಪ್ರತಿ ಸಭೆಯಲ್ಲೂ ಅವಳನ್ನ ನಿಲ್ಲಿಸಿ ತೋರಿಸ್ತಿದ್ರು ಅಂತ ಕೇಳಿದೀನಿ."

"ಚೆನ್ನಾಗಿದ್ದಳು. ಯಾಕಂದ್ರೆ ನಾನು ಕದ್ದು ಸೂಜಿ ಹಾಕ್ತಿದ್ದೆ." ಅವಳು ತಲೆ ತಗ್ಗಿಸಿದಳು. "ಮನೆಯಲ್ಲಿಟ್ಟರೆ ಅವರ ಕಣ್ಣಿಗೆ ಬೀಳುತ್ತೆ. ನಾನು ಮಂದಿರದ ಅಡುಗೆಮನೆಯಲ್ಲಿ ಎರಡು ಹೊತ್ತು ಸೇವೆ ಮಾಡ್ತೀನಿ. ಅಲ್ಲಿನ ಫ್ರಿಜ್ಜಿನಲ್ಲಿ, ಹುಣಸೆಹಣ್ಣಿನ ಡಬ್ಬಿ ಹಿಂದೆ ಬಚ್ಚಿಟ್ಟಿದ್ದೆ. ಅಲ್ಲಿ ಯಾರು ಹುಡುಕ್ತಾರೆ? ಬೆಳಿಗ್ಗೆ ಸ್ಕೂಲಿಗೆ ಮುಂಚೆ, ಸಂಜೆ ಸ್ಕೂಲಿಂದ ಬಂದ ಮೇಲೆ ಉಗ್ರಾಣದಲ್ಲಿ ಹಾಕಿಬಿಡ್ತಿದ್ದೆ. ನನ್ನ ಮಗಳನ್ನ ನೋಡಿ ಎಷ್ಟೋ ಜನ ತಮ್ಮ ಮಾತ್ರೆ ಬಿಟ್ಟರು ಸಿಸ್ಟರಮ್ಮ. ಅದೂ ನನ್ನ ತಲೆ ಮೇಲೇ ಇದೆ."

"ಮತ್ತೆ ಕಾಯಿಲೆ ಯಾವಾಗ ಹೆಚ್ಚಾಯ್ತು?"

"ಎರಡು ವಾರದಿಂದ. ಬಾಯಾರಿಕೆ, ಸುಸ್ತು. ಬಟ್ಟೆ ಜಾರೋ ಹಾಗೆ ಬಡವಾದಳು. ಹತ್ತತ್ತು ಯೂನಿಟ್ ಹಾಕ್ತಿದ್ದೋಳು ಹದಿನೈದಕ್ಕೆ ಏರಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ನಿನ್ನೆ ಬೆಳಿಗ್ಗೆ ವಾಂತಿ ಶುರುವಾಯ್ತು. ಆಸ್ಪತ್ರೆಗೆ ಅಂದೆ. ಅವರು ಹೊತ್ತುಕೊಂಡು ಮಂದಿರಕ್ಕೆ ಹೋದರು." ಅವಳು ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಸೀಸೆ ತೆಗೆದಳು. "ಅಲ್ಲೂ ಒಂದ್ಸಲ ಹಾಕಿದೆ. ಉಗ್ರಾಣದಿಂದ ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ನಾನೇ. ಆಸ್ಪತ್ರೆಯಲ್ಲಿ ತೋರಿಸೋಣ ಅಂತ ಇದನ್ನ ಹಿಡಿದುಕೊಂಡೇ ಗಾಡಿ ಹತ್ತಿದೆ. ಈಗ ಗುರುಗಳು ಹೇಳ್ತಿದಾರೆ, ವಾಸಿಯಾದ ಮೈಗೆ ಕದ್ದು ಸೂಜಿ ಚುಚ್ಚಿ ತಾಯಿಯೇ ವಿಷ ಮಾಡಿದಳು ಅಂತ. ನಮ್ಮನೆಯವರು ಅದನ್ನೇ ಪೊಲೀಸರಿಗೆ ಬರೆದುಕೊಟ್ಟರು."

ಸಿಸ್ಟರಮ್ಮ ಸೀಸೆಯನ್ನು ಬೆಳಕಿಗೆ ಹಿಡಿದರು. ಮುಕ್ಕಾಲು ಪಾಲು ತುಂಬಿತ್ತು. ರಬ್ಬರ್ ಮುಚ್ಚಳ ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿತ್ತು.

"ಇದನ್ನ ಕೊಂಡದ್ದು ಯಾವಾಗ?"

"ಅವಳು ಸಾಯೋದಕ್ಕೆ ಹತ್ತೊಂಬತ್ತು ದಿನ ಮುಂಚೆ. ಪಕ್ಕದೂರಿನ ಅಂಗಡಿಯ ಚೀಟಿ ಇದೆ."

"ಇದರಲ್ಲಿ ನಾನೂರು ಯೂನಿಟ್ ಇರುತ್ತೆ. ನೀನು ಹಾಕಿದ ಲೆಕ್ಕಕ್ಕೆ ಇದು ಯಾವತ್ತೋ ಖಾಲಿಯಾಗಬೇಕಿತ್ತಲ್ಲಮ್ಮ?"

"ಅದೇ ಸಿಸ್ಟರಮ್ಮ. ಕಡಿಮೆಯೇ ಆಗ್ತಿರಲಿಲ್ಲ. ಎಷ್ಟು ತೆಗೆದರೂ ಅಷ್ಟೇ ಇರ್ತಿತ್ತು. ದೇವರಿಗೆ ನನ್ನ ಸಂಕಟ ಗೊತ್ತಾಗಿದೆ, ಅವನೇ ತುಂಬಿಸ್ತಿದಾನೆ ಅಂದುಕೊಂಡೆ. ಅವನಾದ್ರೂ ನನ್ನ ಕಡೆ ಇದಾನಲ್ಲ ಅಂತ ಉಗ್ರಾಣದಲ್ಲಿ ಕೂತು ಅತ್ತಿದೀನಿ. ಇದನ್ನ ಪೊಲೀಸರಿಗೆ ಹೇಳಿದ್ರೆ ನಗ್ತಾರೆ."

ಸೈರನ್‌ಗೆ ನಗು ಬರಲಿಲ್ಲ. ಸಿಸ್ಟರಮ್ಮ ಸಿರಿಂಜಿನಲ್ಲಿ ಒಂದು ಹನಿ ತೆಗೆದು ಅಂಗೈ ಮೇಲೆ ಬಿಟ್ಟು ಮೂಸಿದರು. ಆಮೇಲೆ ಕೈಯನ್ನು ಸೈರನ್ ಮೂಗಿಗೆ ಹಿಡಿದರು.

"ಏನು ವಾಸನೆ?"

"ಏನೂ ಇಲ್ಲ ಸಿಸ್ಟರಮ್ಮ."

ಅವರು ಒಳಗೆ ಹೋಗಿ ತಮ್ಮ ಫ್ರಿಜ್ಜಿನಿಂದ ಬೀದಿಯ ಮುದುಕರೊಬ್ಬರ ಇನ್ಸುಲಿನ್ ಸೀಸೆ ತಂದು, ಅದರಿಂದಲೂ ಒಂದು ಹನಿ ಇನ್ನೊಂದು ಅಂಗೈಗೆ ಬಿಟ್ಟರು. ಈ ಸಲ ಸೈರನ್ ಮೂಗು ಸೊಟ್ಟ ಮಾಡಿದ. ಫಿನಾಯಿಲಿನ ದೂರದ ನೆಂಟನಂಥ ವಾಸನೆ.

"ಇನ್ಸುಲಿನ್ ಕೆಡದ ಹಾಗೆ ಹಾಕೋ ಮದ್ದಿನ ವಾಸನೆ ಅದು. ಮೂವತ್ತು ವರ್ಷ ನನ್ನ ಬೆರಳಿಂದ ಹೋಗಿರಲಿಲ್ಲ." ಅವರು ತಾಯಿಯ ಪಕ್ಕ ಕೂತರು. "ನೀನು ಕೊನೆಕೊನೆಗೆ ಮಗಳಿಗೆ ಹಾಕಿದ್ದು ಹೆಚ್ಚುಕಡಿಮೆ ಬರೀ ನೀರಮ್ಮ. ತುಂಬಿಸ್ತಿದ್ದದ್ದು ದೇವರಲ್ಲ. ಎರಡು ಕಾಲಿನ ಮನುಷ್ಯ. ಯಾರು ಅಂತ ನಾನು ಹುಡುಕ್ತೀನಿ."

ಸೀಸೆಯನ್ನು ಲಕೋಟೆಗೆ ಹಾಕಿ, ಮೇಲೆ ಸಹಿ ಮಾಡಿ, ಪರೀಕ್ಷೆಗೆ ಕಳಿಸಬೇಕೆಂದು ಇನ್‌ಸ್ಪೆಕ್ಟರರಿಗೆ ತಲುಪಿಸಿದ ಮೇಲೆ ಇಬ್ಬರೂ ಮಂದಿರಕ್ಕೆ ಹೊರಟರು.

ಮಂದಿರ ದೊಡ್ಡದಾಗಿತ್ತು, ಚೊಕ್ಕವಾಗಿತ್ತು. ಬಾಗಿಲ ಬಳಿ ಆಳೆತ್ತರದ ತಾಮ್ರದ ಹಂಡೆ. ಗುಣವಾದವರು ಬಿಟ್ಟುಹೋದ ಮಾತ್ರೆಯ ಹಾಳೆಗಳು, ಉಬ್ಬಸದ ಪಂಪುಗಳು, ಕನ್ನಡಕಗಳು, ಒಂದು ಪುಟ್ಟ ಮಗುವಿನ ಕಾಲಿನ ಕಬ್ಬಿಣದ ಪಟ್ಟಿ. ಸೈರನ್ ಅದರೊಳಗೆ ಇಣುಕಿ ನೋಡಿದ. ಇವರಲ್ಲಿ ಎಷ್ಟು ಮಂದಿಯನ್ನು ತಾನು ಹೊತ್ತೊಯ್ದಿರಬಹುದು ಎಂದು ಲೆಕ್ಕ ಹಾಕಿದ.

ಗುರುಗಳು ವೇದಿಕೆಯ ಮೇಲೆ ಕೂತಿದ್ದರು. ಅರವತ್ತು ದಾಟಿದ ತೆಳ್ಳನೆಯ ಆಳು, ಮೆತ್ತನೆಯ ಮಾತು. ನಲವತ್ತು ದಿನದ ವ್ರತ ಹಿಡಿದಿದ್ದರು. ವ್ರತ ಮುಗಿಯುವವರೆಗೆ ಮಂದಿರದ ಗೋಡೆ ದಾಟುವಂತಿಲ್ಲ, ಬೆಳಗಿನಿಂದ ಸಂಜೆಯವರೆಗೆ ಭಕ್ತರ ಕಣ್ಣೆದುರೇ ಇರಬೇಕು. ಆವತ್ತು ಮೂವತ್ತೇಳನೆಯ ದಿನ.

"ಮಗು ವಾಸಿಯಾಗಿತ್ತು," ಎಂದರು ಗುರುಗಳು, ಪಕ್ಕದ ಚೊಂಬಿನಿಂದ ನೀರು ಕುಡಿಯುತ್ತ. "ತಾಯಿಯ ಅವಿಶ್ವಾಸವೇ ಅದನ್ನ ಕೊಂದಿತು. ನಾನು ಅವಳನ್ನ ಕ್ಷಮಿಸಿದೀನಿ."

ಸೈರನ್ ಹಲ್ಲು ಕಚ್ಚಿದ. ಸಿಸ್ಟರಮ್ಮ ಮಾತ್ರ ಭಕ್ತಿಯಿಂದ ಮುಂದೆ ಹೋಗಿ, "ನಂಗೂ ಮಂಡಿ ನೋವು ಸ್ವಾಮಿ, ಆಶೀರ್ವಾದ ಮಾಡಿ," ಎಂದರು. ಬಲಗೈಯಲ್ಲಿ ಚೊಂಬು ಹಿಡಿದಿದ್ದ ಗುರುಗಳು ಚಾಚಿದ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದಲ್ಲಿದ್ದ ಸೈರನ್‌ಗೂ ಆ ಬೆರಳುಗಳು ಕಂಡವು. ತುದಿಯ ಅಕ್ಕಪಕ್ಕದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಚೊಂಬಿನ ನೀರು ಮುಗಿದಿತ್ತು. ಗುರುಗಳು ಇನ್ನೊಂದು ಚೊಂಬು ತರಿಸಿದರು. ಊಟದ ಗಂಟೆ ಹೊಡೆಯಿತು. ಊಟಕ್ಕೆ ಮುಂಚೆ ಕಾಲು ಗಂಟೆ ತಮ್ಮ ಕೋಣೆಯಲ್ಲಿ ಮೌನ ಮಾಡುವುದು ಅವರ ನಿಯಮವಂತೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಡುಗೆಮನೆಯ ಯಜಮಾನಿಕೆ ಹುಡುಗಿಯ ಸೋದರತ್ತೆಯದು. ತಂದೆಯ ಅಕ್ಕ ಆಕೆ. ಎಲ್ಲರೂ ಅಡುಗೆಯಕ್ಕ ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಾಯಲ್ಲಿ ತಮ್ಮನ ಹೆಂಡತಿಯ ಮೇಲಿನ ದೂರು.

"ನನ್ನ ಫ್ರಿಜ್ಜಿನಲ್ಲೇ ಇಟ್ಟಿದ್ದಳಂತೆ ಮಹಾತಾಯಿ. ನಂಗೆ ಗೊತ್ತಿದ್ರೆ ಅವತ್ತೇ ಬೀದಿಗೆ ಎಸೀತಿದ್ದೆ," ಎಂದಳು ಅವಳು, ಹಿಟ್ಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. "ಮಗು ನನ್ನ ತೊಡೆ ಮೇಲೆ ಬೆಳೆದದ್ದು."

"ಫ್ರಿಜ್ಜು ಯಾರ್ಯಾರು ತೆಗೀತಾರಕ್ಕ?"

"ಸಿಕ್ಕಸಿಕ್ಕವರಿಗೆ ಮುಟ್ಟೋಕೆ ಬಿಡ್ತೀನಾ? ಬೀಗ ಹಾಕಿರ್ತೀನಿ. ನಾನು ತೆಗೀತೀನಿ, ಅವಳು ತೆಗೀತಿದ್ದಳು. ನನ್ನ ತಮ್ಮ ಈ ಕಡೆ ತಲೆ ಹಾಕೋನಲ್ಲ. ಇನ್ನು ಗುರುಗಳು ಬಂದು ಕೀ ಕೇಳಿ ತಮ್ಮ ತೀರ್ಥದ ತಂಬಿಗೆ ತಾವೇ ತೆಗೆದುಕೊಳ್ತಾರೆ. ಅದನ್ನ ನಾವು ಮುಟ್ಟೋ ಹಾಗಿಲ್ಲ."

"ತೀರ್ಥ ಇಲ್ಲಿ ಯಾಕೆ ಇಡ್ತಾರೆ?"

"ಅವರ ಕೋಣೇಲೇ ಚಿಕ್ಕದೊಂದು ಫ್ರಿಜ್ಜಿತ್ತು. ಮೂರು ವಾರದ ಹಿಂದೆ ಕೆಟ್ಟುಹೋಯ್ತು. ರಿಪೇರಿಯವನು ಹೊತ್ತುಕೊಂಡು ಹೋದವನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತಾನೇ ಇದಾನೆ. ಅಲ್ಲಿಂದ ತಂಬಿಗೆ ನನ್ನ ಪಾಲಿಗೆ ಬಂತು. ಈಗ ನಿನ್ನೆಯಿಂದ ತೀರ್ಥಕ್ಕೂ ಬರ್ತಿಲ್ಲ, ಪಾಪ. ಮಗು ಹೋದ ಸಂಕಟ."

ಹಿಂದಿರುಗುವಾಗ ಸೈರನ್‌ಗೆ ತಡೆಯಲಾಗಲಿಲ್ಲ. "ತಂದೆಯದೇ ಕೆಲಸ ಸಿಸ್ಟರಮ್ಮ. ಗೇಟ್ ಹಾಕಿದವನು ಸೀಸೆಗೆ ನೀರು ಹಾಕಲ್ವಾ? ಹೆಂಡತಿ ಸುಳ್ಳು ಹಿಡಿದು ಪಾಠ ಕಲಿಸೋಕೆ ಹೋಗಿದಾನೆ. ಇಲ್ಲದಿದ್ರೆ ಆ ಅಡುಗೆಯಕ್ಕ."

"ಅವನ ಮೇಲೆ ನಿಂಗೆ ಸಿಟ್ಟಿದೆ. ಇರಬೇಕಾದ್ದೇ. ಆದ್ರೆ ಸಿಟ್ಟು ಸಾಕ್ಷಿಯಲ್ಲ," ಎಂದರು ಸಿಸ್ಟರಮ್ಮ. "ಒಂದು ಯೋಚನೆ ಮಾಡು. ಔಷಧಿ ಅಂದ್ರೆ ಪಾಪ ಅನ್ನೋರಿಗೆ ಆ ಸೀಸೆ ಸಿಕ್ಕಿದ್ರೆ ಏನು ಮಾಡ್ತಾರೆ?"

ಸೈರನ್ ಯೋಚಿಸುತ್ತಲೇ ಇದ್ದ. ಸಿಸ್ಟರಮ್ಮ ಮನೆಗೆ ಹೋಗದೆ ನೇರ ಸ್ಟೇಷನ್ನಿಗೆ ನಡೆದರು.

ಎರಡು ದಿನ ಬಿಟ್ಟು ಪರೀಕ್ಷೆಯ ಕಾಗದ ಬಂತು. ಅದೇ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರರು ಎಲ್ಲರನ್ನೂ ಮಂದಿರದ ಊಟದ ಹಾಲಿನಲ್ಲಿ ಸೇರಿಸಿದರು. ವ್ರತ ಮುರಿದು ಹೊರಗೆ ಬರುವುದಿಲ್ಲವೆಂದು ಗುರುಗಳು ಹೇಳಿದ್ದರಿಂದ ಸಭೆ ಅಲ್ಲೇ ನಡೆಯಬೇಕಾಯಿತು. ಗುರುಗಳು ಗೋಡೆಗೊರಗಿ ಕೂತರು. ತುಟಿ ಒಣಗಿತ್ತು. ಎರಡು ದಿನದಲ್ಲಿ ಹತ್ತು ವರ್ಷ ಮುದುಕರಾದಂತೆ ಕಾಣುತ್ತಿದ್ದರು. ಬಡಗಿ ಒಂದು ಮೂಲೆಯಲ್ಲಿ, ಅವನ ಹೆಂಡತಿ ಇನ್ನೊಂದು ಮೂಲೆಯಲ್ಲಿ, ನಡುವೆ ಅಡುಗೆಯಕ್ಕ. ಬಾಗಿಲ ತುಂಬ ಭಕ್ತರು. ಸೈರನ್ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಬಂದಿದ್ದ. ಹಾಗೆ ಮಾಡು ಎಂದು ಸಿಸ್ಟರಮ್ಮ ಯಾಕೆ ಹೇಳಿದರೋ ಅವನಿಗೆ ತಿಳಿದಿರಲಿಲ್ಲ.

"ಸೀಸೆಯಲ್ಲಿ ಇರಬೇಕಾದ ಔಷಧಿಯ ಹತ್ತರಲ್ಲಿ ಒಂದು ಪಾಲೂ ಇಲ್ಲ," ಎಂದು ಸಿಸ್ಟರಮ್ಮ ಶುರುಮಾಡಿದರು. "ಮಿಕ್ಕಿದ್ದು ನೀರು. ಅಂದ್ರೆ ಈ ತಾಯಿ ವಿಷ ಹಾಕಿಲ್ಲ. ಹಾಕಬೇಕಾದ್ದು ಹಾಕ್ತಿದೀನಿ ಅಂದುಕೊಂಡು ಮೋಸ ಹೋಗಿದಾಳೆ. ಸೂಜಿಯಿಂದ ಮಗು ಸಾಯಲಿಲ್ಲ. ಸೂಜಿಯಲ್ಲಿ ಇರಬೇಕಾದ್ದು ಇಲ್ಲದೆ ಸತ್ತಿತು."

ಬಡಗಿ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ.

"ಒಂದೇ ಸಲ ನೀರು ತುಂಬಿಸಿದ್ದರೆ ಮಗು ಮೂರ್ನಾಲ್ಕು ದಿನದಲ್ಲೇ ಮಲಗಿಬಿಡ್ತಿತ್ತು. ಆದ್ರೆ ಎರಡು ವಾರ ಸ್ವಲ್ಪ ಸ್ವಲ್ಪವಾಗಿ ಸೊರಗಿತು. ಹಾಗಾದ್ರೆ ಯಾರೋ ದಿನಾ ಒಂದಿಷ್ಟು ಔಷಧಿ ತೆಗೆದು, ಅಷ್ಟೇ ನೀರು ಸೇರಿಸ್ತಿದ್ರು. ಸಾರಿಗೆ ದಿನಾ ನೀರು ಬೆರೆಸಿದ ಹಾಗೆ. ತೆಗೆದದ್ದು ತಾಯಿಗೆ ಗೊತ್ತಾಗಬಾರದು ಅನ್ನೋ ಹೆದರಿಕೆಗೆ ಹನಿ ಹೆಚ್ಚೇ ತುಂಬಿಸ್ತಿದ್ರು. ಅವಳು ತೆಗೆದದ್ದೂ ಸೇರಿ ತುಂಬಿಹೋಯ್ತು. ಅದಕ್ಕೇ ಸೀಸೆ ಬರಿದಾಗಲೇ ಇಲ್ಲ. ಹೊಟ್ಟೆಯುರಿಯೋ ವಿಷಯ ಏನಂದ್ರೆ, ಈ ತಾಯಿ ಅದನ್ನ ಅಕ್ಷಯಪಾತ್ರೆ ಅಂದುಕೊಂಡಳು. ಪವಾಡ ಅಂತ ನೀವೆಲ್ಲ ಕಲಿಸಿದ್ದನ್ನ ಅವಳೂ ಕಲಿತಿದ್ದಳು."

"ನಾನು ಅದನ್ನ ಕಂಡೇ ಇರಲಿಲ್ಲ," ಎಂದಳು ಅಡುಗೆಯಕ್ಕ ಮೆಲ್ಲಗೆ.

"ಗೊತ್ತಕ್ಕ. ಕಂಡಿದ್ರೆ ಬೀದಿಗೆ ಎಸೀತಿದ್ದೆ ಅಂದ್ರಿ. ಅದೇ ಮಾತು ನನ್ನ ಕಣ್ಣು ತೆರೆಸಿದ್ದು. ನಿಮ್ಮ ತಮ್ಮನಾಗಿದ್ರೆ ಸೀಸೆ ಹಿಡಿದುಕೊಂಡು ಬಂದು ಎಲ್ಲರ ಮುಂದೆ ಹೆಂಡತಿ ಮುಖಕ್ಕೆ ಹಿಡೀತಿದ್ದ. ಗೇಟಿಗೆ ಬೀಗ ಹಾಕಿದವನು ಮರೆಯಲ್ಲಿ ಹಾಕಲಿಲ್ಲ, ಎದೆ ಕೊಟ್ಟು ನಿಂತು ಹಾಕಿದ. ಔಷಧಿ ಬೇಡ ಅನ್ನೋರು ಸೀಸೆ ಒಡೀತಾರೆ. ಒಡೆಯದೆ, ಸದ್ದಿಲ್ಲದೆ, ದಿನಾ ಅಳತೆ ಮಾಡಿ ತೆಗೆದುಕೊಂಡು ಮತ್ತೆ ಡಬ್ಬಿ ಹಿಂದೆ ಇಡೋನು ಎಂಥವನು?" ಸಿಸ್ಟರಮ್ಮ ಸುತ್ತ ನೋಡಿದರು. "ಔಷಧಿ ಬೇಕಾದವನು. ಅದಿಲ್ಲದೆ ಬದುಕಲಾರದವನು. ನಾನು ಔಷಧಿಯ ಶತ್ರುವನ್ನ ಹುಡುಕಲಿಲ್ಲ. ರೋಗಿಯನ್ನ ಹುಡುಕಿದೆ."

ಗುರುಗಳು ಚೊಂಬಿಗೆ ಕೈ ಚಾಚಿದರು. ಅದು ಬರಿದಾಗಿತ್ತು.

"ಫ್ರಿಜ್ಜು ತೆಗೀತಿದ್ದವರು ಮೂವರು. ತಾಯಿ, ಅಡುಗೆಯಕ್ಕ, ಮೂರು ವಾರದಿಂದ ಗುರುಗಳು. ಅವರ ಕೋಣೆಯ ಫ್ರಿಜ್ಜು ಕೆಟ್ಟದ್ದೂ, ಈ ಸೀಸೆ ಕೊಂಡದ್ದೂ ಹೆಚ್ಚುಕಡಿಮೆ ಒಂದೇ ಸಮಯ. ತೀರ್ಥ ಸೆಕೆಗೆ ಕೆಡಲ್ಲ. ಕೆಡೋದು ಇನ್ಸುಲಿನ್. ಇವರ ಎಡಗೈ ಬೆರಳು ನೋಡಿದೆ. ಶುಗರ್ ನೋಡೋಕೆ ವರ್ಷಾನುಗಟ್ಟಲೆ ಚುಚ್ಚಿಕೊಂಡ ಬೆರಳು ಹಾಗೇ ಇರುತ್ತೆ. ನೋವು ಕಡಿಮೆ ಅಂತ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿಕೊಳ್ತಾರೆ. ಊಟಕ್ಕೆ ಕಾಲು ಗಂಟೆ ಮುಂಚೆ ಬಾಗಿಲು ಹಾಕಿಕೊಂಡು ಮೌನ ಮಾಡ್ತಾರೆ. ಇನ್ಸುಲಿನ್ ತೆಗೆದುಕೊಳ್ಳೋರು ನನ್ನ ವಾರ್ಡಿನಲ್ಲಿ ನೂರಾರು ಜನ ಅದೇ ಹೊತ್ತಿಗೆ ಅದೇ ಮೌನ ಮಾಡ್ತಿದ್ರು. ಬೇರೆ ಊರಿಗೆ ಹೋದಾಗ ಕೊಂಡುಕೊಂಡು ಬರ್ತಿದ್ರು ಅನ್ಸುತ್ತೆ. ವ್ರತ ಹಿಡಿದು ಕೂತ ಮೇಲೆ ಸಂಗ್ರಹ ಕೆಟ್ಟಿತು. ಎದ್ದು ಹೋಗೋ ಹಾಗಿಲ್ಲ, ಯಾರನ್ನೂ ಕಳಿಸೋ ಹಾಗೂ ಇಲ್ಲ. ಅಷ್ಟರಲ್ಲಿ ಡಬ್ಬಿ ಹಿಂದೆ ಈ ಸೀಸೆ ಸಿಕ್ಕಿತು. ನೋಡಿದ ಕೂಡಲೇ ಅದೇನು, ಯಾರದು ಅಂತ ಇವರಿಗೆ ತಿಳಿಯಿತು. ಪವಾಡದ ಹುಡುಗಿ ಸೂಜಿಯ ಮೇಲೆ ಬದುಕಿದಾಳೆ ಅಂತ ಊರಿಗೆಲ್ಲ ಮೊದಲು ಗೊತ್ತಾದದ್ದು ಇವರಿಗೇ."

"ಅಪಚಾರ," ಎಂದರು ಗುರುಗಳು. ದನಿ ಕರಕರ ಎಂದಿತು. "ನನಗೆ ಯಾವ ರೋಗವೂ ಇಲ್ಲ."

"ಸಂತೋಷ. ಹಾಗಾದ್ರೆ ಒಂದು ಬೆರಳು ಕೊಡಿ. ಒಂದೇ ಹನಿ ಸಾಕು."

ಗುರುಗಳು ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬಾಗಿಲ ಬಳಿ ಗುಸುಗುಸು ಎದ್ದಿತು.

ಅಷ್ಟು ಹೊತ್ತಿಗೆ ಅವರ ಕೋಣೆ ಶೋಧಿಸುತ್ತಿದ್ದ ಪೊಲೀಸಿನವನು ಒಂದು ಬಟ್ಟೆಯ ಗಂಟು ತಂದು ಇನ್‌ಸ್ಪೆಕ್ಟರರ ಮುಂದಿಟ್ಟ. ಕೋಣೆಯಲ್ಲಿದ್ದ ಹಳೆಯ ಪ್ರವಚನದ ಪೀಠದ ಕೆಳಗಿನ ಪೊಳ್ಳಿನಲ್ಲಿ ಇತ್ತಂತೆ. ಸಿರಿಂಜುಗಳು, ಬೆರಳು ಚುಚ್ಚುವ ಕಡ್ಡಿ, ಸೆಕೆಗೆ ಕೆಟ್ಟು ಬಿಳಿ ಚೂರುಗಟ್ಟಿದ ಎರಡು ಇನ್ಸುಲಿನ್ ಸೀಸೆ, ಅಂಗೈಯಗಲದ ಒಂದು ಶುಗರ್ ಯಂತ್ರ. ಸಿಸ್ಟರಮ್ಮ ಅದರ ಗುಂಡಿ ಒತ್ತಿದರು.

"ಇದು ತಾರೀಖಿನ ಸಮೇತ ನೆನಪಿಟ್ಟುಕೊಂಡಿರುತ್ತೆ ಸಾರ್. ನೋಡಿ. ಫ್ರಿಜ್ಜು ಕೆಡೋವರೆಗೂ ಹತೋಟಿಯಲ್ಲಿದೆ. ಕೆಟ್ಟ ಮೇಲೆ ಎರಡು ದಿನ ಏರಿದೆ. ಮಗುವಿನ ಸೀಸೆ ಸಿಕ್ಕ ದಿನ ಇಳಿದಿದೆ. ಆಮೇಲೆ ದಿನದಿಂದ ದಿನಕ್ಕೆ ಏರಿದೆ. ತಾನೇ ನೀರು ಬೆರೆಸಿದ್ದು ತನಗೂ ನೀರೇ ಆಯ್ತು. ಈ ಏಣಿ ಇದೆಯಲ್ಲ, ಮಗುವೂ ಇದನ್ನೇ ಹತ್ತಿತು. ಇವರು ಇಲ್ಲಿ ಅಂಕಿ ನೋಡಿ ಔಷಧಿ ತೆಳ್ಳಗಾಗ್ತಿದೆ ಅಂತ ತಿಳ್ಕೊಳ್ತಿದ್ರು. ತಿಳಿದೂ ಮಾರನೇ ದಿನ ಮತ್ತೆ ತೆಗೆದ್ರು. ಕೊನೆಯ ಬೆಳಿಗ್ಗೆ ಮಗು ಮುಂದೆ ಬಿದ್ದುಕೊಂಡು ಏದುಸಿರು ಬಿಡ್ತಿದ್ದಾಗ, ಅದಕ್ಕೆ ಏನಾಗಿದೆ ಅಂತ ಈ ಕಟ್ಟಡದಲ್ಲಿ ಸರಿಯಾಗಿ ಗೊತ್ತಿದ್ದ ಒಬ್ಬನೇ ಮನುಷ್ಯ ಇವರು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅನ್ನೋ ಒಂದು ಮಾತು ಸಾಕಾಗಿತ್ತು. ಏಳು ಗಂಟೆ ಹೊತ್ತು ಕಣ್ಣು ಮುಚ್ಚಿ ಕೂತ್ರು."

ಬಡಗಿ ಎದ್ದ. ಗುರುಗಳ ಮುಂದೆ ಹೋಗಿ ನಿಂತು, "ನಾನು ಕೇಳಿದ್ದೆ," ಎಂದ. "ಹತ್ತು ಗಂಟೆಗೆ ನಿಮ್ಮ ಕಿವಿಯ ಹತ್ತಿರ ಬಂದು ಕೇಳಿದ್ದೆ, ಡಾಕ್ಟರಿಗೆ ತೋರಿಸಲಾ ಅಂತ. ನೀವು ಏನಂದ್ರಿ?"

ಬಾಗಿಲ ಬಳಿಯಿಂದ ಒಬ್ಬ ಮುದುಕಿ ನಿಧಾನವಾಗಿ ಹೊರನಡೆದಳು. ಹಂಡೆಯೊಳಗೆ ಅವಳು ಕೈಯಾಡಿಸುವ ಸದ್ದು ಕೇಳಿಸಿತು. ತನ್ನ ಮಾತ್ರೆಯ ಹಾಳೆ ಹುಡುಕುತ್ತಿದ್ದಳು. ಅವಳ ಹಿಂದೆ ಇನ್ನಿಬ್ಬರು ಹೋದರು.

ಗುರುಗಳು ಏಳಲು ಹೋದರು. ಗೋಡೆ ಹಿಡಿದವರು ಹಾಗೇ ಜಾರಿ ಕುಸಿದರು. ಎದೆ ತಿದಿಯ ಹಾಗೆ ಏರಿಳಿಯತೊಡಗಿತು. ಸೈರನ್ ಹತ್ತಿರವೇ ಇದ್ದ. ಕಳಿತ ಹಣ್ಣಿನ ಆ ವಾಸನೆ ಅವನ ಮೂಗಿಗೆ ಬಡಿಯಿತು. ಅವನು ನಿಂತೇ ಇದ್ದ. ಗಾಡಿ ಅಂಗಳದಲ್ಲಿದೆ. ಸ್ಟ್ರೆಚರ್ ಹತ್ತು ಹೆಜ್ಜೆ. ಪ್ರಾರ್ಥನೆ ಮುಗಿಯಲಿ ಎಂದು ಹೇಳಿಬಿಡಬೇಕು ಅನಿಸಿತು. ಬಾಯಿಗೂ ಬಂತು.

"ಏನು ನೋಡ್ತಾ ನಿಂತಿದೀಯ?" ಎಂದರು ಸಿಸ್ಟರಮ್ಮ. ಅವರ ಕಣ್ಣಲ್ಲೂ ಬೆಂಕಿಯೇ ಇತ್ತು. "ಇವನು ಸತ್ರೆ ದೇವರು ಕರ್ಕೊಂಡ ಅಂತ ಕಲ್ಲು ನೆಡ್ತಾರೆ. ಬದುಕಿ ಕೋರ್ಟಿನಲ್ಲಿ ನಿಲ್ಲಬೇಕು. ಅದಿರಲಿ, ಅದಿಲ್ಲದಿದ್ರೂ ನಮ್ಮ ಕೆಲಸ ಇದೇ. ಎತ್ತು."

ಸೈರನ್ ಓಡಿದ. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದವನು ಬಡಗಿ. ಯಾರೂ ಅವನನ್ನು ಕರೆದಿರಲಿಲ್ಲ. ಎರಡೂ ಬಾಗಿಲು ಹಾರುಹೊಡೆದು ತೆರೆದಿದ್ದ ಗೇಟಿನಿಂದ ಗಾಡಿ ಹೊರಗೆ ಬಿದ್ದಾಗ ಸೈರನ್ ಗಡಿಯಾರ ನೋಡಿದ. ಬಿದ್ದ ಗಳಿಗೆಯಿಂದ ಮೂರು ನಿಮಿಷ ಆಗಿತ್ತು. ದಾರಿಯುದ್ದಕ್ಕೂ ಅವನು ಬೈದ. ಯಾರನ್ನು ಬೈಯುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಆದರೆ ಕಾಲು ಮಾತ್ರ ಆಕ್ಸಿಲರೇಟರಿನಿಂದ ಎತ್ತಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರರು ವಾರ್ಡಿನ ಬಾಗಿಲಿಗೆ ಒಬ್ಬ ಪೊಲೀಸಿನವನನ್ನು ಕೂರಿಸಿದರು. ಬಡಗಿ ತನ್ನ ದೂರನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಬಂದವನು ಇನ್ನೊಂದು ಕಾಗದ ಬರೆದುಕೊಟ್ಟ. ಗೇಟಿಗೆ ಬೀಗ ಹಾಕಿದವನು ನಾನೇ, ನನ್ನ ಮೇಲೂ ಕೇಸು ಹಾಕಿ ಎಂದು ಅದರಲ್ಲಿತ್ತು. ಇನ್‌ಸ್ಪೆಕ್ಟರರು ಎರಡು ಸಲ ಓದಿ ಫೈಲಿಗೆ ಸೇರಿಸಿದರು.

ತಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಸ್ಟರಮ್ಮನ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಯಾಕೆ ಬಂದಳು ಎಂದು ಯಾರೂ ಕೇಳಲಿಲ್ಲ. ಸೈರನ್ ತಂದುಕೊಟ್ಟ ಟೀ ಅವಳ ಕೈಯಲ್ಲೇ ಆರಿತು.

ಡ್ಯೂಟಿ ಡಾಕ್ಟರ್ ಹೊರಗೆ ಬಂದು ಸಿಸ್ಟರಮ್ಮನ ಕಡೆ ತಲೆಯಾಡಿಸಿದರು. "ಗಂಡಾಂತರ ಕಳೀತು. ಡ್ರಿಪ್ಪು, ಇನ್ಸುಲಿನ್ ಹಿಡಿದವು. ಕಣ್ಣು ಬಿಟ್ಟು ಮಾತಾಡ್ತಿದಾರೆ. ತಮಗೆ ಇನ್ಸುಲಿನ್ ಕೊಟ್ಟದ್ದನ್ನ ಭಕ್ತರಿಗೆ ಹೇಳಬೇಡಿ ಅಂತಿದಾರೆ."

ಸೈರನ್ ಗೋಡೆಯ ಕಡೆ ತಿರುಗಿಕೊಂಡ.

"ಎಷ್ಟು ಹೊತ್ತಾಯ್ತು ಡಾಕ್ಟ್ರೇ?" ಎಂದು ತಾಯಿ ಕೇಳಿದಳು. "ಔಷಧಿ ಶುರುಮಾಡಿ, ಕಣ್ಣು ಬಿಡೋದಕ್ಕೆ?"

ಅವಳು ಯಾರೆಂದು ಡಾಕ್ಟರಿಗೆ ತಿಳಿದಿರಲಿಲ್ಲ. ಅವರು ಕೈಗಡಿಯಾರ ನೋಡಿದರು. "ಹೆಚ್ಚೇನಿಲ್ಲಮ್ಮ. ನಾಲ್ಕು ಗಂಟೆ."

"ನಾಲ್ಕು ಗಂಟೆ," ಎಂದಳು ತಾಯಿ. ಆಮೇಲೆ ಸಿಸ್ಟರಮ್ಮನ ಕಡೆ ತಿರುಗಿ, ಏನೋ ವಿಳಾಸ ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು, "ಅಷ್ಟೇ ಸಾಕಾಗಿತ್ತಾ?"

ಊರಿನ ಎಷ್ಟೋ ಗಂಟುಗಳನ್ನು ಬಿಡಿಸಿದ್ದ ಸಿಸ್ಟರಮ್ಮ ಅವಳ ಕೈಯಿಂದ ಆರಿದ ಟೀ ಲೋಟ ತೆಗೆದು ಕೆಳಗಿಟ್ಟರು. ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಉತ್ತರ ಅವರಿಗೆ ಗೊತ್ತಿತ್ತು.